ಗೋಡೆಗೆ ಸಿಕ್ಕಿಸಿದ ಕಾರ್ಡು

"ನನ್ನ ಕಾರ್ಡ್ ಎಲ್ಲಿಟ್ಟೆ?" ಎಂದು ಗಂಡ ಮತ್ತೆ ಗದರಿದ. ಆ ಕಾರ್ಡು ಮುಟ್ಟಿಸದೆ ಅವನ ಆಫೀಸಿನ ಬಾಗಿಲು ತೆರೆಯುವುದಿಲ್ಲ, ಹಾಜರಿಯೂ ಬೀಳುವುದಿಲ್ಲ.

"ನಾನು ಮುಟ್ಟಿಲ್ಲ," ಎಂದಳು ಹೆಂಡತಿ, ದೋಸೆ ಮಗುಚುತ್ತಾ.

"ರಾತ್ರಿಯೆಲ್ಲ ಆಡಿಟ್ ಅಂತ ಆಫೀಸಲ್ಲಿ ಕೂತು ಸತ್ತು ಬಂದಿದೀನಿ. ಬಂದ ತಕ್ಷಣ ನನ್ನ ಪ್ಯಾಂಟು ಒಗೆಯೋಕೆ ಹಾಕಿದೋಳು ನೀನು. ನೀನಲ್ದೆ ಇನ್ಯಾರು ಕಳೀತಾರೆ? ಒಂದು ವಸ್ತು ಜೋಪಾನ ಮಾಡೋ ಯೋಗ್ಯತೆ ಇಲ್ಲ ನಿಂಗೆ."

ಅವಳು ಸ್ಟವ್ ಆರಿಸಿ ಅವನತ್ತ ತಿರುಗಿದಳು.

"ಕಾರ್ಡು ಕಳೆದಿಲ್ಲ. ಬಸ್‌ಸ್ಟ್ಯಾಂಡ್ ಎದುರಿನ ಲಾಡ್ಜಿನವರು ಈಗ ತಾನೇ ಫೋನ್ ಮಾಡಿದ್ರು. ರೂಮಿನ ಕಾರ್ಡು ಮೇಡಂ ಕೈಲಿತ್ತಂತೆ. ಅವರು ಊಟಕ್ಕೆ ಕೆಳಗೆ ಹೋದಾಗ ಎಸಿ ನಿಲ್ಲಬಾರದು ಅಂತ ಸಾಹೇಬರು ಕಾರ್ಡಿದ್ರೆ ಮಾತ್ರ ಕರೆಂಟು ಬರೋ ಗೋಡೆ ಸ್ಲಾಟಿಗೆ ತಮ್ಮ ಆಫೀಸ್ ಕಾರ್ಡು ಸಿಕ್ಕಿಸಿ, ಬರುವಾಗ ಅಲ್ಲೇ ಮರೆತುಬಿಟ್ಟಿದ್ದಾರಂತೆ."

ಅವನು ಹಲ್ಲು ಕಚ್ಚಿ ಕೇಳಿದ:

"ಅವರಿಗೆ ನಿನ್ನ ನಂಬರ್ ಯಾವನು ಕೊಟ್ಟ?"

"ನೀವೇ. ಏನಾದ್ರೂ ಆದ್ರೆ ಇವಳಿಗೆ ತಿಳಿಸಿ ಅಂತ ಕಾರ್ಡಿನ ಹಿಂದೆ ಬರೆಸಿದ್ದೀರಲ್ಲ."