ಕಾಫಿ ಹಿಡಿಯುವವಳು

"ಆ ಮಾಡೆಲ್ ಹೋದ್ರೆ ಹೋಗ್ಲಿ ಬಿಡಿ. ವಾಂಜಿಕು ಇದಾಳಲ್ಲ, ಅವಳನ್ನೇ ನಿಲ್ಸಿ," ಎಂದರು ಧನಂಜಯ.

ಕ್ಯಾಮೆರಾದ ಹಿಂದಿದ್ದ ಕೋಕಿಲಾಳ ಕೈ ಹಾಗೇ ನಿಂತಿತು. ವೆಸ್ಟ್‌ಲ್ಯಾಂಡ್ಸ್‌ನ ಸ್ಟುಡಿಯೋದಲ್ಲಿ ಬೆಳಗಿನಿಂದ ಧನಂಜಯರ ಉಡುಪು ಕಂಪನಿಯ ಕ್ಯಾಲೆಂಡರಿಗೆ ಫೋಟೊ ತೆಗೆಯುವ ಕೆಲಸ ನಡೆದಿತ್ತು. ಅದೇ ಭಂಗಿಯಲ್ಲಿ ತೆಗೆಯಲೆಂದು ಗೋಡೆಗೆ ಅಂಟಿಸಿದ್ದ ಹಳೆಯ ಚಿತ್ರದಲ್ಲಿ ಫ್ರೆಂಚ್ ಆಸ್ಥಾನದ ಹೆಂಗಸೊಬ್ಬಳು ತುರ್ಕಿ ರಾಣಿಯ ವೇಷ ತೊಟ್ಟು ದಿಂಬಿಗೊರಗಿದ್ದಳು. ಪಕ್ಕದಲ್ಲಿ ಕಪ್ಪು ದಾಸಿಯೊಬ್ಬಳು ಮಂಡಿಯೂರಿ ಕಾಫಿ ನೀಡುತ್ತಿದ್ದಳು. ರಾಣಿಯಾಗಿ ಧನಂಜಯರ ಮಗಳು ಪ್ರಗತಿ ಆಗಲೇ ಪೇಟ ಸುತ್ತಿಕೊಂಡು ಕೂತಿದ್ದಳು. ದಾಸಿಯಾಗಬೇಕಿದ್ದ ಮಾಡೆಲ್ ಮಾತ್ರ ಆ ಚಿತ್ರ ನೋಡಿದವಳೇ ಬ್ಯಾಗು ಎತ್ತಿಕೊಂಡು ಹೊರಟುಹೋಗಿದ್ದಳು.

ವಾಂಜಿಕು ಕಂಪನಿಯ ಹಿರಿಯ ಟೈಲರ್, ಇದೇ ಆಫ್ರಿಕನ್ ನೆಲದ ಹೆಂಗಸು. ಪ್ರಗತಿಯ ಮೈಮೇಲಿದ್ದ ಸಡಿಲ ಷರಾಯಿ, ತುಪ್ಪಳದ ಅಂಚಿನ ನಿಲುವಂಗಿ ಎಲ್ಲವೂ ಅವಳದೇ ಹೊಲಿಗೆ. ಅವಳು ಚಿತ್ರದ ಹತ್ತಿರ ಹೋಗಿ ದಾಸಿಯ ಮೇಲೆ ಬೆರಳಿಟ್ಟು ಇಂಗ್ಲಿಷಿನಲ್ಲಿ ಕೇಳಿದಳು: "ಇವಳ ಹೆಸರೇನು?"

"ಗೊತ್ತಿಲ್ಲ," ಎಂದಳು ಕೋಕಿಲಾ. "ಆ ದೊಡ್ಡ ಹೆಂಗಸಿನ ಹೆಸರು ಮಾತ್ರ ಬರೆದಿದ್ದಾರೆ."

ವಾಂಜಿಕು ಕೈಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದಳು.

"ಬೇಗ ಹೇಳ್ರೀ ಅವಳಿಗೆ," ಧನಂಜಯ ದನಿ ತಗ್ಗಿಸಿದರು. "ನಿಮ್ಮ ವರ್ಕ್ ಪರ್ಮಿಟ್ ರಿನ್ಯೂ ಆಗೋಕೂ ನಾನೇ ಸೈನ್ ಹಾಕ್ಬೇಕು, ನೆನಪಿದೆ ತಾನೆ?"

 ಮೈಸೂರಿನಲ್ಲಿ ಕೋಕಿಲಾ ಹುಟ್ಟಿದಾಗ ಮಗು ಕಪ್ಪಗಿದೆ ಎಂದೇ ಅಜ್ಜಿ ಈ ಹೆಸರಿಟ್ಟಿದ್ದಳು. ಅವಳು ಕ್ಯಾಮೆರಾ ಬಿಟ್ಟು ಮುಂದೆ ಬಂದು ಕಾಫಿ ಬಟ್ಟಲಿದ್ದ ತಟ್ಟೆ ಎತ್ತಿಕೊಂಡಳು.

"ನಾನೇ ನಿಲ್ತೀನಿ ಸರ್. ನಾನೂ ಕಪ್ಪೇ ಅಲ್ವಾ? ಕ್ಯಾಮೆರಾಗೆ ಟೈಮರ್ ಇಟ್ರಾಯ್ತು."

"ನೀವಾ? ಛೆ ಛೆ! ನಮ್ಮ ಕನ್ನಡದವರು ನೋಡಿದ್ರೆ ಏನಂದ್ಕೋತಾರೆ?"

"ವಾಂಜಿಕು ಮನೆಯವರೂ ನೋಡ್ತಾರಲ್ಲ ಸರ್."

ಧನಂಜಯರ ಮುಖ ಬಿಗಿಯಿತು. "ನಾಳೆ ಆಫೀಸಿಗೆ ಬನ್ನಿ, ಮಾತಾಡೋಣ," ಎಂದವರೇ ಬಾಗಿಲು ದೂಡಿಕೊಂಡು ಹೊರಗೆ ಹೋದರು.

 ವಾಂಜಿಕು ಬಂದು ಕೋಕಿಲಾಳ ಕೈಯಿಂದ ತಟ್ಟೆ ಇಸಿದುಕೊಂಡಳು. ಬಟ್ಟಲೆತ್ತಿ ಆ ತಣ್ಣನೆಯ ಕಾಫಿಯನ್ನು ತಾನೇ ನಿಧಾನವಾಗಿ ಕುಡಿದಳು. ದಿಂಬಿಗೊರಗಿದ್ದ ಪ್ರಗತಿಗೆ ಮಾತ್ರ, ಕಾಫಿಗೆಂದು ಚಾಚಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.