ಮೊದಲು ಹತ್ತುವವರು

ಆ ಬೆಳಿಗ್ಗೆ ಮೋಡ ಸರಿದು ಎಳೆಬಿಸಿಲು ಬಿದ್ದಿತ್ತು. ಹೊಸ ಮನೆಯ ಗೃಹಪ್ರವೇಶ. ಮನೆಯ ಯಜಮಾನರು ವಾಡಿಕೆಯಂತೆ ಮೇಸ್ತ್ರಿಯನ್ನು ಮಣೆಯ ಮೇಲೆ ಕೂರಿಸಿ ಶಲ್ಯ ಹೊದಿಸಿದರು.

“ಮುಂದಾಳು ಅಂದ್ರೆ ಇವರು ನೋಡ್ರಿ. ದಿನಾ ಆಳುಗಳು ಬರೋ ಮುಂಚೆ ತಾವೇ ಸಾರುವೆ ಹತ್ತಿ, ಹಲಗೆ ತುಳಿದು ನೋಡೋರು. ಉಳಿದೋರೆಲ್ಲ ಆಮೇಲೇ.”

“ಆ ದುರುಗಪ್ಪ ಒಬ್ಬ ಕೇಳಲಿಲ್ಲ ಬಿಡ್ರಿ,” ಗಾರೆಯವನೊಬ್ಬ ಅಂದ. “ಮೇಸ್ತ್ರಿಗಿಂತ ಮೊದಲೇ ಹತ್ತಿ ಬಿದ್ದು ಸತ್ತ. ಅವಸರದ ಆಸಾಮಿ!”

ಬಾಗಿಲಾಚೆ ಕೂಲಿಯವರ ನಡುವೆ ಕೂತಿದ್ದ ದುರುಗಪ್ಪನ ಹೆಂಡತಿ ಎಲ್ಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೂರು ತಿಂಗಳಿಂದ ಆಕೆ ಈ ಮಾತನ್ನೇ ಕೇಳುತ್ತಿದ್ದಳು.

ಮೇಸ್ತ್ರಿ ಎದ್ದರು. ಗೋಡೆ ಸವರಿಕೊಂಡು ಬಾಗಿಲಿಗೆ ಬಂದು, ಹೊಸ್ತಿಲಿಗೆ ಕೈಮುಗಿದರು.

“ಎಲ್ಲವ್ವಾ, ಎಲ್ಲಿದ್ದೀಯವ್ವಾ?”

“ಇಲ್ಲೇ ಅದೀನಿ, ಅಣ್ಣಾ.”

ಅವರು ಶಲ್ಯ ತೆಗೆದು ದನಿ ಬಂದ ಕಡೆಗೆ ಚಾಚಿದರು.

“ಇದು ನಿನ್ನ ಗಂಡಂದು, ತಗೋ. ವರ್ಷದಿಂದ ನಂಗೆ ಕಣ್ಣು ಸರಿಯಾಗಿ ಕಾಣಲ್ಲ. ಯಾರಿಗೂ ಹೇಳಬ್ಯಾಡ ಅಂತ ಅವನ ಕೈಲಿ ಆಣೆ ಹಾಕಿಸ್ಕೊಂಡಿದ್ದೆ. ದಿನಾ ನನ್ನ ಬದಲು ಮೊದಲು ಹತ್ತುತಿದ್ದೋನು ಅವನೇ.”