ಬೋರ್ಡಿನ ಕೆಳಗೆ ಒಂದು ಚಹಾ

ಮೆಹಬೂಬಿ ರಟ್ಟಿನ ಬೋರ್ಡನ್ನು ಮೊಳೆಗೆ ಸಿಕ್ಕಿಸಿ ಸ್ಟೂಲಿನಿಂದ ಇಳಿಯುವುದಕ್ಕೂ ಅಣ್ಣಾರಾಯ, ನಾಮದೇವ ಇಬ್ಬರೂ ಚಹಾದಂಗಡಿಯ ಮೆಟ್ಟಿಲು ಹತ್ತುವುದಕ್ಕೂ ಸರಿಹೋಯಿತು. ‘ಇಲ್ಲಿ ರಾಜಕೀಯ ಮಾತಾಡಬಾರದು’ ಎಂದು ಮಗಳು ನಾಹಿದಳ ಕೈಯಲ್ಲಿ ಬರೆಸಿದ್ದಳು. ಮೇಲೆ ಕನ್ನಡ, ಕೆಳಗೆ ಮರಾಠಿ. ಮಹಾರಾಷ್ಟ್ರದ ಗಡಿಯೂರು ಸಂಖದ ಬಸ್ ಸ್ಟ್ಯಾಂಡಿನಲ್ಲಿ ಒಂದೇ ಭಾಷೆಯಲ್ಲಿ ಬರೆದರೆ, ನನಗೆ ಅದು ಓದಲು ಬರುವುದಿಲ್ಲ ಎಂದು ನುಣುಚಿಕೊಳ್ಳುವವರೇ ಹೆಚ್ಚು.

“ಇದು ಯಾರಿಗಿ ಬರದದ್ದು?” ಅಣ್ಣಾರಾಯ ಕೇಳಿದ.

“ನಿಮಗ ಇಬ್ಬರಿಗೇರಿ ಕಾಕಾ. ಬ್ಯಾರೆ ಯಾರಿಗೂ ಅಲ್ಲ.”

ಅವಳದೇನೂ ತಪ್ಪಿರಲಿಲ್ಲ. ಅಣ್ಣಾರಾಯ ವಿಜಾಪುರದ ಕನ್ನಡ ಪೇಪರು ತರುತ್ತಿದ್ದ, ನಾಮದೇವ ಸಾಂಗಲಿಯ ಮರಾಠಿ ಪೇಪರು. ಒಂದೇ ಚಹಾ ಹೇಳಿ, ಕಪ್ಪು ಒಬ್ಬನಿಗೆ, ಬಶಿ ಇನ್ನೊಬ್ಬನಿಗೆ ಎಂದು ಹಂಚಿಕೊಂಡು, ದಿಲ್ಲಿಯಿಂದ ಜತ್ತದ ತನಕ ಒಬ್ಬ ಪುಢಾರಿಯನ್ನೂ ಬಿಡದೆ ಇಬ್ಬರೂ ಕೂಡಿಯೇ ಬೈಯುತ್ತಿದ್ದರು. ಇತ್ತೀಚೆಗೆ ನಾಮದೇವನಿಗೆ ಅದೇನಾಯಿತೋ, ಸರಕಾರ ಏನು ಮಾಡಿದರೂ ಸರಿ ಅನ್ನತೊಡಗಿದ್ದ. ಹೋದ ತಿಂಗಳು ಚುನಾವಣೆ ಮುಗಿದರೂ ಇವರ ಜಗಳ ಮುಗಿದಿರಲಿಲ್ಲ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ, ಇವರದು ಚಹಾ ತೀರುವ ತನಕ ಎಂದು ಮೆಹಬೂಬಿ ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ನಿನ್ನೆ ಸಿನಿಮಾ ನಟನೊಬ್ಬನಿಗೆ ಕೋರ್ಟು ಜಾಮೀನು ಕೊಟ್ಟ ಸುದ್ದಿ ಬಂದಿತ್ತು. ಬಡವ ಒಂದು ಕುರಿ ಕದ್ದರೆ ವರ್ಷಗಟ್ಟಲೆ ಒಳಗೆ, ಇದೇನು ನಿಮ್ಮ ಸರಕಾರದ ಕಾಯದೆ ಎಂದು ಅಣ್ಣಾರಾಯ ಬೆಂಚಿಗೆ ಗುದ್ದಿದ ಹೊಡೆತಕ್ಕೆ ಬಶಿ ಬಿದ್ದು ಎರಡು ಹೋಳಾಯಿತು. ಕೂಡಿ ಆಡಿ ಬೆಳೆದ ಇವರ ಗೆಳೆತನವೂ ಹೀಗೇ ಒಡೆದರೆ ಗತಿಯೇನು ಎಂದು ಮೆಹಬೂಬಿಗೆ ಚಿಂತೆಯಾಗಿತ್ತು. ಅದಕ್ಕೇ ಈ ಬೋರ್ಡು.

ಹೊಸ ಬಶಿಯಲ್ಲಿ ಚಹಾ ಬಂತು. ಇಬ್ಬರೂ ಪೇಪರು ಮಡಚಿ ತೊಡೆಯ ಕೆಳಗಿಟ್ಟುಕೊಂಡು, ಮಾಸ್ತರರಿಂದ ಬೈಸಿಕೊಂಡ ಹುಡುಗರ ಹಾಗೆ ಕುಳಿತರು.

“ಮೊಣಕಾಲ ಹ್ಯಾಂಗದ?” ಅಂದ ನಾಮದೇವ.

“ಅದ.”

“ಮನ್ಯಾಗ…” ಎಂದವನು ಅಲ್ಲಿಗೇ ನಾಲಿಗೆ ಕಚ್ಚಿಕೊಂಡ. ಅಣ್ಣಾರಾಯನ ಮನೆಯಲ್ಲಿ ಕೇಳಲು ಯಾರಿದ್ದರು? ಹೆಂಡತಿ ಗುರವ್ವ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅಣ್ಣಾರಾಯ ಬಶಿಯೊಳಗಿನ ಚಹಾ ಕೆನೆಗಟ್ಟುವುದನ್ನೇ ನೋಡುತ್ತ ಕುಳಿತ. ಮುಂದಿದ್ದ ಖಾರಿ ಬಿಸ್ಕೀಟನ್ನು ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಹೆಗಲ ಮೇಲಿನ ಟವಲಿನಿಂದ ಕಣ್ಣು ಒರೆಸಿಕೊಂಡ. ನಾಲ್ಕು ತಿಂಗಳಲ್ಲಿ ಮೆಹಬೂಬಿ ಅವನ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು.

ಬೆಂಕಿಪೆಟ್ಟಿಗೆ ಕೇಳುವ ನೆವದಿಂದ ನಾಮದೇವ ಒಲೆಯ ಹತ್ತಿರ ಬಂದು ದನಿ ತಗ್ಗಿಸಿದ. “ಆ ಬೋರ್ಡ ತಗಿಯವ್ವಾ ಮೆಹಬೂಬಿ. ಗುರವ್ವ ಹೋದ ಮ್ಯಾಲ ಅವಾ ಹದಿನೈದ ದಿನ ಯಾರ ಜೋಡಿನೂ ಮಾತಾಡಲಿಲ್ಲ, ನೆಟ್ಟಗ ಉಣ್ಣಲಿಲ್ಲ. ಒಂದಿನ ನಾ ಸುಮ್ಮನ, ಸರಕಾರ ಭಾಳ ಚಲೋ ಅದ ಅಂದೆ. ಒಂದ ತಾಸ ನನ್ನ ಬೈದ. ಬೈದ ಬೈದ ಹಸಿವ್ಯಾತು, ಎರಡ ಖಾರಿ ತಿಂದ. ಅವತ್ತಿನಿಂದ ನಾ ದಿನಾ ಸರಕಾರದ ವಕೀಲಕಿ ಮಾಡಾಕತ್ತೀನಿ.”

“ಅಂದ್ರ ನೀವು ಆ ಪಾರ್ಟಿಯವರಲ್ಲೇನ್ರಿ ಕಾಕಾ?”

“ನನ್ನ ಜಲ್ಮದಾಗ ಆ ಪಾರ್ಟಿಗಿ ಓಟಿನ ಶಿಕ್ಕಾ ಹೊಡದಿಲ್ಲ. ಅವಗ ಹೇಳಬ್ಯಾಡ.”

ಮೆಹಬೂಬಿ ಬೆಂಕಿಪೆಟ್ಟಿಗೆಯನ್ನು ಅವನ ಕೈಗಿಟ್ಟಳು. ಆಮೇಲೆ ತಾನೇ ಬರೆಸಿದ ಬೋರ್ಡಿನ ಕೆಳಗೆ ನಿಂತು ಗಟ್ಟಿಯಾಗಿ ಅಂದಳು, “ಅಣ್ಣಾರಾಯ ಕಾಕಾ, ನನ್ನ ಕೇಳಿದ್ರ ಆ ನಟಗ ಜಾಮೀನ ಕೊಟ್ಟದ್ದು ಬರೋಬ್ಬರಿ. ನೋಡಾಕ ಎಷ್ಟ ಚಂದ ಅದಾನ. ಅಂಥವನ್ನ ಜೇಲಿನ್ಯಾಗ ಇಟ್ರ ಪಿಚ್ಚರ ಯಾರ ಮಾಡಬೇಕ್ರಿ?”

ಅಣ್ಣಾರಾಯ ತಲೆ ಎತ್ತಿದ. “ಏನಂದಿ? ಚಂದ ಇದ್ದವರಿಗಿ ಒಂದ ಕಾಯದೆ, ನಮ್ಮಂಥ ಮಾರಿಗೊಂದ ಕಾಯದೆ ಏನ?”

“ಆಕಿ ಖರೇನ ಹೇಳತಾಳ,” ಎಂದು ನಾಮದೇವ ಬೆಂಚಿಗೆ ಮರಳಿದ. “ಈ ಸರಕಾರದಾಗ ಕೋರ್ಟಿಗಿ ಸುದ್ದಾ ಬುದ್ಧಿ ಬಂದದ.”

ಅಷ್ಟೇ ಸಾಕಾಯಿತು. ತೊಡೆಯ ಕೆಳಗಿನಿಂದ ಎರಡೂ ಪೇಪರು ಹೊರಬಂದವು. ಅಣ್ಣಾರಾಯ ದಿಲ್ಲಿಯಿಂದಲೇ ಶುರುಮಾಡಿ, ಜಾಮೀನು ಕೊಟ್ಟವರು, ಕೊಡಿಸಿದವರು, ಅವರಿಗೆ ಓಟು ಹಾಕಿದವರು ಎಲ್ಲರ ನೀರಿಳಿಸಿದ. ನಡುನಡುವೆ ಬಶಿ ಎತ್ತಿ ಸೊರ್ರೆಂದು ಹೀರಿದ. ಒಂದು ಖಾರಿ ಮುರಿದ, ಇನ್ನೊಂದಕ್ಕೆ ಕೈ ಹಾಕಿದ. ಮೆಹಬೂಬಿ ಬೋರ್ಡನ್ನು ಮೊಳೆಯಿಂದ ಕಿತ್ತು, ಅದರಿಂದಲೇ ಇದ್ದಿಲು ಒಲೆಗೆ ಗಾಳಿ ಹಾಕುತ್ತ ಇನ್ನೊಂದು ಚಹಾಕ್ಕೆ ಇಟ್ಟಳು.

ಜತ್ತದ ಬಸ್ಸಿನ ಹಾರ್ನು ಕೇಳಿ ನಾಮದೇವ ಮೊದಲು ಎದ್ದು ಹೋದ. ಅಣ್ಣಾರಾಯ ಚಪ್ಪಲಿ ಮೆಟ್ಟಿ, ಅವನು ಬಸ್ಸು ಹತ್ತಿದ್ದನ್ನು ಖಾತ್ರಿ ಮಾಡಿಕೊಂಡು ಒಲೆಯ ಹತ್ತಿರ ಬಂದ.

“ನಾ ಬೈಯೂದು ಮನಸಿಗಿ ಹಚ್ಚಿಕೋಬ್ಯಾಡವ್ವಾ. ನಾಮ್ಯಾ ಪಾಪ, ಆ ಪಾರ್ಟಿ ಮ್ಯಾಲ ಜೀವಾ ಇಟ್ಟಾನ. ಅದು ಸೋತ್ರ ಭಾಳ ನೊಂದಕೋತಾನಂತ, ಹೋದ ತಿಂಗಳ ನಾ ಅದಕ್ಕ ಶಿಕ್ಕಾ ಹೊಡದ ಬಂದೀನಿ.”

ಮೆಹಬೂಬಿ ಬೋರ್ಡನ್ನು ಒಲೆಯ ಪಕ್ಕಕ್ಕಿಟ್ಟು ಅವನ ಕಡೆ ತಿರುಗಿದಳು.

“ಅವಗ ಹೇಳಬ್ಯಾಡ ಮತ್ತ,” ಅಂದ ಅಣ್ಣಾರಾಯ. “ನಾಳಿ ಬೈಯಾಕ ನನಗ ಬಾಯಿ ಉಳಿಯೂದಿಲ್ಲ.”